ಆಫ್ರಿಕಾದಲ್ಲಿ ಚೀನಾದ ರೈಲು, ನಮ್ಮೂರಿನ ಮಂಡಿ ಸಾಲ

ಸೊರಬದಿಂದ ಒಂದು ವಾಯ್ಸ್ ನೋಟ್ ಬಂದಿದೆ. ಪ್ರಶ್ನೆ ನೇರವಾಗಿದೆ: "ಆಫ್ರಿಕಾದಲ್ಲಿ ಚೀನಾದವರು ನಾಲ್ಕೈದು ವರ್ಷಕ್ಕೆ ಆರುನೂರು ಕಿಲೋಮೀಟರ್ ರೈಲು ಹಾಕ್ತಾರಂತೆ. ನಾವಿನ್ನೂ ರೈಲು ಹತ್ತೋಕೆ ಸಾಗರಕ್ಕೋ ತಾಳಗುಪ್ಪಕ್ಕೋ ಹೋಗ್ಬೇಕು. ಅವರನ್ನೇ ಕರೆಸಬಾರದಾ ಅಣ್ಣ?" ಶಿಕಾರಿಪುರದವರೂ ಇದನ್ನೇ ಕೇಳಬಹುದು. ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಮಾರ್ಗದ ಸುದ್ದಿ ಕೇಳ್ತಾ ಕೇಳ್ತಾನೇ ಎಷ್ಟೋ ಹುಡುಗರ ಡಿಗ್ರಿ ಮುಗಿದು ಹೋಗಿದೆ.

ಅವರು ಹೇಳ್ತಿರೋ ರೈಲು ಇರೋದು ಪಶ್ಚಿಮ ಆಫ್ರಿಕಾದ ಗಿನಿ ದೇಶದಲ್ಲಿ. ಸಿಮಾಂಡೂ ಅನ್ನೋ ಬೆಟ್ಟಸಾಲಿನಿಂದ ಅಟ್ಲಾಂಟಿಕ್ ಕರಾವಳಿಯ ಮೊರೆಬಾಯಾ ಬಂದರಿನವರೆಗೆ. 2025ರ ನವೆಂಬರ್‌ನಲ್ಲಿ ಉದ್ಘಾಟನೆ ಆಯ್ತು. ಗಣಿ, ರೈಲು, ಬಂದರು ಎಲ್ಲಾ ಸೇರಿ 2,000 ಕೋಟಿ ಡಾಲರ್‌ಗೂ ಮಿಕ್ಕಿದ ಯೋಜನೆ. ಚೀನಾದ ಕಂಪನಿಗಳ ಜೊತೆ ಬ್ರಿಟನ್–ಆಸ್ಟ್ರೇಲಿಯಾದ ರಿಯೋ ಟಿಂಟೋ ಕೂಡ ಇದೆ. ಆ ಹಳಿ ಹಾಕಿದ್ದು ಜನ ಓಡಾಡಲಿ ಅಂತ ಅಲ್ಲ. ಬೆಟ್ಟದಲ್ಲಿ ಶೇ 65ರಷ್ಟು ಕಬ್ಬಿಣ ಇರುವ ಅದಿರಿದೆ, ಅದು ಹಡಗು ಹತ್ತಬೇಕು. ಸೊರಬದಿಂದ ಹೊರಡೋದು ಭತ್ತ, ಶುಂಠಿ, ಅನಾನಸ್ಸು. ಇಷ್ಟಕ್ಕೆ ಯಾವ ಕಂಪನಿಯೂ ತನ್ನ ದುಡ್ಡಲ್ಲಿ ಹಳಿ ಹಾಕಲ್ಲ. ನಮ್ಮ ರೈಲು ಬರಬೇಕಾದ್ದು ಸರ್ಕಾರದ ದುಡ್ಡಲ್ಲಿ, ಸರ್ಕಾರದ ವೇಗದಲ್ಲಿ.

ಆಫ್ರಿಕಾದಲ್ಲಿ ಇನ್ನೊಂದು ಬಗೆಯ ವ್ಯವಹಾರವೂ ಇದೆ. ಅದು ಹೂಡಿಕೆಯಲ್ಲ, ಸಾಲ. ಮಲೆನಾಡಿನವರಿಗೆ ಇದನ್ನ ಹೆಚ್ಚು ವಿವರಿಸಬೇಕಿಲ್ಲ, ಅಡಿಕೆ ಮಂಡಿ ಗೊತ್ತಲ್ಲ. ಮದುವೆಗೋ ಬೋರ್‌ವೆಲ್‌ಗೋ ಮಂಡಿಯವರು ಮುಂಗಡ ಕೊಡ್ತಾರೆ, ಕೊಯ್ಲಾದ ಮೇಲೆ ಅಡಿಕೆ ಅದೇ ಮಂಡಿಗೆ ಹೋಗಬೇಕು. ಹೊತ್ತಿಗೆ ದುಡ್ಡು ಸಿಕ್ಕಿದ್ದು ನಿಜ. ಆದರೆ ಬೇರೆ ಕಡೆ ದರ ಕೇಳೋ ಸ್ವಾತಂತ್ರ್ಯ ಹೋಯ್ತು, ಅದೂ ನಿಜ. 2004ರಲ್ಲಿ ಅಂಗೋಲಾಕ್ಕೆ ಚೀನಾದ ಎಕ್ಸಿಮ್ ಬ್ಯಾಂಕ್ 200 ಕೋಟಿ ಡಾಲರ್ ಸಾಲ ಕೊಟ್ಟಿದ್ದು ಹೆಚ್ಚು ಕಮ್ಮಿ ಹೀಗೇ, ಕಚ್ಚಾ ತೈಲದ ಭರವಸೆ ಮೇಲೆ. ಇಂಥ ಸಾಲದಲ್ಲಿ ದುಡ್ಡಿನ ಹೆಚ್ಚಿನ ಪಾಲು ದೇಶದ ಖಜಾನೆಗೆ ಬರೋದೇ ಇಲ್ಲ. ಬ್ಯಾಂಕಿನಿಂದ ನೇರ ಚೀನಾದ ಗುತ್ತಿಗೆದಾರರಿಗೆ ಹೋಗುತ್ತೆ.

ಕಾಂಗೋದ ಕಥೆ ಇನ್ನೂ ಗಟ್ಟಿ. 2008ರಲ್ಲಿ ಸಹಿಯಾಗಿ ಮರುವರ್ಷ ತಿದ್ದಿದ ಒಪ್ಪಂದದ ಪ್ರಕಾರ ತಾಮ್ರ, ಕೋಬಾಲ್ಟ್ ಗಣಿಯಲ್ಲಿ ಚೀನಾ ಕಂಪನಿಗಳಿಗೆ ಶೇ 68, ಕಾಂಗೋಗೆ ಶೇ 32. ಬದಲಿಗೆ ರಸ್ತೆ, ಆಸ್ಪತ್ರೆ ಎಲ್ಲಾ ಸೇರಿ 300 ಕೋಟಿ ಡಾಲರ್ ಕೆಲಸ. 2023ರಲ್ಲಿ ಕಾಂಗೋದ ಸರ್ಕಾರಿ ತಪಾಸಣಾ ಸಂಸ್ಥೆ ಲೆಕ್ಕ ತೆಗೆದಾಗ ಖರ್ಚಾಗಿದ್ದು ಬರೀ 82 ಕೋಟಿ! ಗಲಾಟೆ ಆಯ್ತು. 2024ರಲ್ಲಿ ಅದನ್ನ ಸುಮಾರು 700 ಕೋಟಿಗೆ ಏರಿಸಿದರು, ಅದೂ 2040ರವರೆಗೆ ಕಂತಿನಲ್ಲಿ, ತಾಮ್ರದ ದರ ಚೆನ್ನಾಗಿದ್ರೆ ಮಾತ್ರ.

"ಚೀನಾದವರ ಬುದ್ಧೀನೇ ಹಂಗೆ" ಅಂತ ಇಲ್ಲೇ ಕಾಮೆಂಟ್ ಹಾಕಬೇಡಿ, ಸ್ವಲ್ಪ ತಾಳಿ. ಇಂಥದ್ದೇ ಕರಾರು ನಮ್ಮ ಪಶ್ಚಿಮ ಘಟ್ಟದಲ್ಲೇ ಆಗಿತ್ತು, ಕುದುರೆಮುಖದಲ್ಲಿ. 1975ರಲ್ಲಿ ಇರಾನ್‌ನ ಶಾ ಸರ್ಕಾರ 63 ಕೋಟಿ ಡಾಲರ್ ಸಾಲ ಕೊಡೋದು, ಆ ದುಡ್ಡಲ್ಲಿ ಗಣಿ ಎದ್ದು ಅದಿರು ಇರಾನ್‌ಗೇ ಹೋಗೋದು ಅಂತ ಮಾತಾಯ್ತು. ಮರುವರ್ಷ ಕಂಪನಿ ಹುಟ್ಟಿತು. ಬೆಟ್ಟದಿಂದ ಮಂಗಳೂರಿಗೆ 67 ಕಿ.ಮೀ. ಪೈಪ್ ಹಾಕಿ ಅದಿರನ್ನ ನೀರಲ್ಲಿ ಕಲಸಿ ಹರಿಸೋ ವ್ಯವಸ್ಥೆ ಆಯ್ತು. ಅಷ್ಟರಲ್ಲಿ 1979ರಲ್ಲಿ ಇರಾನ್‌ನಲ್ಲಿ ಕ್ರಾಂತಿ. ಸಾಲದ ಕಂತೂ ನಿಂತಿತು, ಕೊಳ್ಳೋರೂ ಇಲ್ಲ. ಒಬ್ಬನೇ ಗಿರಾಕಿಯನ್ನ ನಂಬಿ ಇಡೀ ಗಣಿ ಕಟ್ಟಿದರೆ ಆಗೋದು ಇದು. ಆದರೂ ಕುದುರೆಮುಖ ಉಳಿದುಕೊಂಡಿತು, ಯಾಕಂದ್ರೆ ಕಂಪನಿ ಭಾರತ ಸರ್ಕಾರದ್ದೇ ಆಗಿತ್ತು. ಬೇರೆ ಗಿರಾಕಿಗಳನ್ನ ಹುಡುಕಿತು, ಮಂಗಳೂರಲ್ಲಿ ಅದಿರಿನ ಉಂಡೆ ಮಾಡೋ ಕಾರ್ಖಾನೆ ಕಟ್ಟಿತು. ಆಮೇಲೆ ಆ ಉಂಡೆಗಳ ದೊಡ್ಡ ಗಿರಾಕಿ ಯಾರು ಗೊತ್ತಾ? ಚೀನಾ. ಕಾಡು ಉಳಿಸಲು ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು.

ಬಳ್ಳಾರಿಯಲ್ಲಿ ವಿದೇಶಿ ಸಾಲವೂ ಇರಲಿಲ್ಲ, ಒಪ್ಪಂದವೂ ಇರಲಿಲ್ಲ. ಚೀನಾ ಬರೀ ದರ ಕೊಟ್ಟಿತು, ಉಳಿದದ್ದನ್ನ ನಾವೇ ಮಾಡಿಕೊಂಡ್ವಿ. ಅದಿರು ಸಾವಿರಾರು ರೂಪಾಯಿಗೆ ಮಾರಾಟವಾಗ್ತಿದ್ದ ಕಾಲದಲ್ಲಿ ರಾಯಧನ ಟನ್‌ಗೆ ಹೆಚ್ಚೆಂದರೆ 27 ರೂಪಾಯಿ. ದರದ ಶೇ 10 ಅಂತ ಬದಲಾಗಿದ್ದು 2009ರ ಆಗಸ್ಟ್‌ನಲ್ಲಿ. 2010ರಲ್ಲಿ ಬಂದರುಗಳಿಂದ ಅದಿರು ರಫ್ತು ನಿಷೇಧಿಸಿದಾಗ ಮುಖ್ಯಮಂತ್ರಿಯಾಗಿದ್ದವರು ಶಿಕಾರಿಪುರದ ಶಾಸಕ ಯಡಿಯೂರಪ್ಪ. ಮರುವರ್ಷ ಲೋಕಾಯುಕ್ತ ಸಂತೋಷ್ ಹೆಗ್ಡೆ ವರದಿ ಬಂತು, ಅವರು ರಾಜೀನಾಮೆ ಕೊಟ್ಟರು. ನಷ್ಟ 16,085 ಕೋಟಿ ರೂಪಾಯಿ ಅಂತ ವರದಿ ಹೇಳಿತ್ತು. ನಮ್ಮಲ್ಲಿ ಕೋರ್ಟು, ಲೋಕಾಯುಕ್ತ ಇದ್ದೂ ಇಷ್ಟಾಯ್ತು ಅನ್ನೋದನ್ನ ಕಾಂಗೋ ಬಗ್ಗೆ ನಗೋ ಮುಂಚೆ ನೆನಪಿಟ್ಟುಕೊಳ್ಳೋಣ.

ಹಾಗಂತ ಆಫ್ರಿಕಾದವರು ಸುಮ್ಮನೆ ಸಹಿ ಹಾಕ್ತಾರೆ ಅಂದ್ಕೋಬೇಡಿ. ಗಿನಿಯನ್ನೇ ನೋಡಿ. ಮೊದಲಿನ ಯೋಚನೆ ಪ್ರಕಾರ ಅದು ಗಣಿ ಕಂಪನಿಗಳ ರೈಲು. 2022ರ ಮಾರ್ಚ್‌ನಲ್ಲಿ ಅಲ್ಲಿನ ಸೇನಾ ಸರ್ಕಾರ ಕೆಲಸವನ್ನೇ ನಿಲ್ಲಿಸಿತು. ರೈಲು, ಬಂದರು ಎಲ್ಲರಿಗೂ ಸೇರಿದ್ದಾಗಬೇಕು, ಅದರಲ್ಲಿ ನಮಗೆ ಶೇ 15 ಪಾಲು ಬೇಕು ಅಂತ ಪಟ್ಟು ಹಿಡಿದು ಗಿಟ್ಟಿಸಿಕೊಂಡಿತು. ಬೇರೆಯವರ ಸರಕು, ಪ್ರಯಾಣಿಕರು ಅದೇ ಹಳಿ ಮೇಲೆ ಹೋಗಬಹುದು ಅನ್ನೋದು ಈಗ ಕಾಗದದಲ್ಲಿದೆ. ಸೇನಾ ಸರ್ಕಾರವನ್ನ ಹೊಗಳೋ ಆಸೆ ನನಗಿಲ್ಲ, ಆದರೆ ಈ ಚೌಕಾಸಿ ಚೆನ್ನಾಗಿತ್ತು.

ಇನ್ನು ಒಟ್ಟು ವ್ಯಾಪಾರ. 2009ರಿಂದ ಆಫ್ರಿಕಾದ ಅತಿ ದೊಡ್ಡ ವ್ಯಾಪಾರ ಜೊತೆಗಾರ ಚೀನಾ. 2024ರಲ್ಲಿ ಇಬ್ಬರ ನಡುವೆ ಸುಮಾರು 29,500 ಕೋಟಿ ಡಾಲರ್ ವಹಿವಾಟು. ಅಲ್ಲಿಂದ ಹೋಗೋದು ಹೆಚ್ಚಾಗಿ ತೈಲ, ಅದಿರು. ಬರೋದು ಫೋನು, ಯಂತ್ರ, ಬಟ್ಟೆ. 2025ರ ಜೂನ್‌ನಲ್ಲಿ ಚೀನಾ 53 ಆಫ್ರಿಕನ್ ದೇಶಗಳ ಸರಕಿಗೆ ಸುಂಕ ತೆಗೆಯೋದಾಗಿ ಹೇಳಿತು. ತೈವಾನ್ ಜೊತೆ ಸ್ನೇಹ ಇಟ್ಟುಕೊಂಡ ಎಸ್ವಾಟಿನಿ ಮಾತ್ರ ಹೊರಗೆ.

ಗಿನಿಯ ಹುಡುಗರಿಗೆ ಸದ್ಯ ತಟ್ಟಿರೋದು ಕೆಲಸದ ಪ್ರಶ್ನೆ. ಹಳಿ ಹಾಕುವಾಗ ವೆಲ್ಡರ್, ಡ್ರೈವರ್, ಅಡುಗೆಯವರು ಅಂತ ಹತ್ತಾರು ಸಾವಿರ ಜನಕ್ಕೆ ಸಂಬಳ ಸಿಕ್ಕಿತು. ಗಣಿ, ರೈಲು ನಡೆಸೋಕೆ ಅಷ್ಟು ಜನ ಬೇಡ. ಹಳಿ ಮುಗಿದಷ್ಟೂ ಹುಡುಗರು ಊರಿಗೆ ವಾಪಸ್ ಹೋಗ್ತಿದ್ದಾರೆ.