ಮೊತ್ತ ಬೇಡುವ ಸರಾಸರಿ, ನಡುವನ್ನು ಹುಡುಕುವ ಮಧ್ಯಾಂಕ

ದತ್ತಾಂಶ ಪರ್ಯಾಪ್ತತೆಯ ಪ್ರಶ್ನೆಯಲ್ಲಿ ಉತ್ತರ ಬರೆಯಬೇಕಿಲ್ಲ. ಕೊಟ್ಟ ಮಾಹಿತಿಯಿಂದ ಒಂದೇ ಖಚಿತ ಉತ್ತರ ಸಿಗುತ್ತದೆಯೇ ಎಂದು ಹೇಳಿದರೆ ಸಾಕು. ಬ್ಯಾಂಕ್ ನೇಮಕಾತಿ, ಜಿಮ್ಯಾಟ್‌ನಂಥ ಪರೀಕ್ಷೆಗಳಲ್ಲಿ ಬರುವ ಇಂಥ ಪ್ರಶ್ನೆಗಳಲ್ಲಿ ಸಾಮಾನ್ಯವಾಗಿ ಎರಡು ಹೇಳಿಕೆಗಳಿರುತ್ತವೆ. ಒಂದೇ ಸಾಕೆ, ಎರಡೂ ಬೇಕೆ, ಎರಡು ಸೇರಿದರೂ ಸಾಲದೆ ಎಂಬುದಷ್ಟೇ ತೀರ್ಮಾನ. ಸರಾಸರಿಗೆ ಮೊತ್ತ ಮತ್ತು ಎಣಿಕೆ ಗೊತ್ತಿರಬೇಕು. ಮಧ್ಯಾಂಕಕ್ಕೆ ಮೊತ್ತದ ಗೊಡವೆಯಿಲ್ಲ. ಏರಿಕೆಯ ಕ್ರಮದಲ್ಲಿ ನಡುವೆ ಬರುವುದು ಯಾವುದೆಂದು ತಿಳಿದರಾಯಿತು. ಹೆಚ್ಚಿನವರು ಎಡವುವುದು ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಹೋಗಿ.

ಹೊಸಪೇಟೆಯ ತುಂಗಭದ್ರಾ ಜಲಾಶಯಕ್ಕೆ 33 ಕ್ರಸ್ಟ್ ಗೇಟುಗಳಿವೆ. ಪ್ರಶ್ನೆ ಹೀಗಿರಲಿ: ಪ್ರತಿ ಗೇಟಿನಿಂದ ಹೊರಬೀಳುವ ನೀರಿನ ಪ್ರಮಾಣಗಳ ಮಧ್ಯಾಂಕವೆಷ್ಟು? ಹೇಳಿಕೆ ಒಂದು: ಗೇಟುಗಳಿಂದ ಒಟ್ಟು 33,000 ಕ್ಯುಸೆಕ್ ಹೋಗುತ್ತಿದೆ. ಹೇಳಿಕೆ ಎರಡು: 17 ಗೇಟುಗಳಿಂದ ಹನಿ ನೀರೂ ಬೀಳುತ್ತಿಲ್ಲ. ಮೊದಲನೆಯದನ್ನು ಓದಿದೊಡನೆ ಸರಾಸರಿ 1,000 ಕ್ಯುಸೆಕ್ ಎಂದು ಹೊಳೆಯುತ್ತದೆ, ಕೇಳಿದ್ದು ಅದಲ್ಲ. ಎರಡನೆಯದರ ಪ್ರಕಾರ ಸಾಲಿನ ಮೊದಲ 17 ಸಂಖ್ಯೆಗಳು ಸೊನ್ನೆ, 33ರ ನಡುವಿನದು 17ನೆಯದೇ. ಉಳಿದ 16 ಗೇಟುಗಳಿಂದ ಎಷ್ಟೇ ನೀರು ಧುಮುಕಲಿ, ಮಧ್ಯಾಂಕ ಸೊನ್ನೆ. ಎರಡನೆಯ ಹೇಳಿಕೆಯೊಂದೇ ಸಾಕು. ನೀರು ಬೀಳದ ಗೇಟುಗಳು 16 ಮಾತ್ರ ಎಂದಿದ್ದರೆ ಕಥೆಯೇ ಬೇರೆ: ತೆರೆದವುಗಳ ಪೈಕಿ ಅತಿ ಕಡಿಮೆ ನೀರು ಬಿಡುವ ಗೇಟಿನ ಅಂಕಿ ನಡುವೆ ಬಂದು ನಿಲ್ಲುತ್ತದೆ. ಅದು ಎರಡೂ ಹೇಳಿಕೆಗಳಲ್ಲಿಲ್ಲ.

ಎಣಿಕೆ ಬೆಸವೋ ಸಮವೋ ಎಂಬುದನ್ನೂ ನೋಡಬೇಕು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾದಾಗ ಹೊಸಪೇಟೆ, ಹಂಪಿ ಅದಕ್ಕೆ ಸೇರಿದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಬಳ್ಳಾರಿಯ 5 ತಾಲ್ಲೂಕುಗಳ ಮಳೆಯ ಮಧ್ಯಾಂಕವೆಂದರೆ ಯಾವುದೋ ಒಂದು ತಾಲ್ಲೂಕಿನಲ್ಲಿ ಸುರಿದ ಮಳೆಯೇ. ವಿಜಯನಗರದ್ದು 6 ತಾಲ್ಲೂಕು. ಅಲ್ಲಿ 3 ಮತ್ತು 4ನೆಯ ಅಂಕಿಗಳ ಸರಾಸರಿ ಹಿಡಿಯಬೇಕು. ಆ ಎರಡರ ಮೊತ್ತ ಸಿಕ್ಕರೆ ಸಾಕು, ಬಿಡಿ ಅಂಕಿ ಬೇಡ.

ಕೆಲವೊಮ್ಮೆ ಎರಡು ಬಡ ಹೇಳಿಕೆಗಳು ಸೇರಿ ಎಲ್ಲವನ್ನೂ ಬಯಲು ಮಾಡುತ್ತವೆ. ಸಂಡೂರಿನಿಂದ ಹೊರಟ 5 ಅದಿರು ಲಾರಿಗಳ ಸರಾಸರಿ ಹೊರೆ 20 ಟನ್. ಯಾವ ಲಾರಿಯಲ್ಲೂ 20 ಟನ್ನಿಗಿಂತ ಹೆಚ್ಚಿಲ್ಲ. ಒಂದರಲ್ಲಿ ಕಡಿಮೆಯಿದ್ದರೆ ಅದನ್ನು ಸರಿದೂಗಿಸಲು ಇನ್ನೊಂದರಲ್ಲಿ ಹೆಚ್ಚಿರಬೇಕು, ಅದಕ್ಕೆ ಆಸ್ಪದವಿಲ್ಲ. ಹಾಗಾಗಿ ಐದರಲ್ಲೂ 20 ಟನ್, ಮಧ್ಯಾಂಕವೂ 20.

ಎರಡು ಗುಂಪುಗಳ ಸರಾಸರಿಯನ್ನು ಕೂಡಿಸುವಾಗ ಎಣಿಕೆಯೇ ಬೇಕೆಂದಿಲ್ಲ, ಅನುಪಾತ ಸಾಕು. ಕಂಪ್ಲಿಯ ರೈತರೊಬ್ಬರಿಗೆ ಕಾಲುವೆ ಗದ್ದೆಯಲ್ಲಿ ಎಕರೆಗೆ 40 ಚೀಲ, ಪಂಪ್‌ಸೆಟ್ ಗದ್ದೆಯಲ್ಲಿ 30 ಚೀಲ ಭತ್ತ ಬಂತೆನ್ನೋಣ. ವಿಸ್ತೀರ್ಣ 3:1ರಲ್ಲಿದ್ದರೆ ಒಟ್ಟು ಸರಾಸರಿ 37.5 ಚೀಲ, ಎಷ್ಟು ಎಕರೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ‘ಸರಾಸರಿ 35ಕ್ಕಿಂತ ಕಡಿಮೆಯೇ?’ ಎಂದಷ್ಟೇ ಕೇಳಿದ್ದರೆ ಅನುಪಾತವೂ ಬೇಡ. ಕಾಲುವೆ ಗದ್ದೆಯೇ ಹೆಚ್ಚು ಎಂದು ತಿಳಿದರೆ ‘ಅಲ್ಲ’ ಎಂಬ ಉತ್ತರ ಖಚಿತ. ಉತ್ತರ ‘ಅಲ್ಲ’ ಎಂದು ಬಂದದ್ದಕ್ಕೇ ‘ಮಾಹಿತಿ ಸಾಲದು’ ಎಂದು ಗುರುತು ಹಾಕಿ ಅಂಕ ಕಳೆದುಕೊಳ್ಳುವವರಿದ್ದಾರೆ.