ಟೊಮೇಟೊ ನೇರಳೆ ಆದದ್ದು ಹೇಗೆ?



ಅಮೆರಿಕದಲ್ಲಿ ಹಿತ್ತಲ ತೋಟ ಮಾಡುವವರಿಗೆ 2024ರಲ್ಲಿ ಹೊಸ ಬೀಜವೊಂದು ಮಾರಾಟಕ್ಕೆ ಬಂತು. ಇದರ ಟೊಮೇಟೊ ಸಿಪ್ಪೆಯಷ್ಟೇ ಅಲ್ಲ, ತಿರುಳೂ ನೇರಳೆ. ಇದು ಕುಲಾಂತರಿ ತಳಿ. "ಹಾಕೋಣವೆ, ಬೇಡವೆ?" ಎಂದು ಕೇಳುವವರು ನಮ್ಮಲ್ಲಿ ಬಹಳ. ಉತ್ತರಕ್ಕೆ ಮೊದಲು ಒಳಗೇನು ನಡೆದಿದೆ ಎಂದು ನೋಡೋಣ.

ನೇರಳೆ ಹಣ್ಣಿಗೂ ಬದನೆಕಾಯಿ ಸಿಪ್ಪೆಗೂ ಆ ಬಣ್ಣ ಕೊಡುವುದು ಆಂಥೋಸಯನಿನ್ ಎಂಬ ವರ್ಣದ್ರವ್ಯ. ಅದನ್ನು ತಯಾರಿಸುವ ಜೀನ್‌ಗಳು ಟೊಮೇಟೊದಲ್ಲೂ ಇವೆ. ಸಸಿಯ ಕಾಂಡದಲ್ಲಿ ಕಾಣುವ ನೇರಳೆ ಛಾಯೆ ಅವುಗಳದೇ ಕೆಲಸ. ಹಣ್ಣಿನಲ್ಲಿ ಮಾತ್ರ ಅವು ಮಲಗಿರುತ್ತವೆ. ನಮ್ಮಂಥ ಸಾಫ್ಟ್‌ವೇರ್ ಮಂದಿಯ ಮಾತಿನಲ್ಲಿ ಹೇಳುವುದಾದರೆ, ಪ್ರೋಗ್ರಾಮ್ ಇದೆ, ಅದನ್ನು ಓಡಿಸುವವರಿಲ್ಲ.

ಓಡಿಸುವವರನ್ನು ಕರೆತಂದದ್ದು ಇಂಗ್ಲೆಂಡಿನ ನಾರಿಚ್‌ನಲ್ಲಿರುವ ಜಾನ್ ಇನ್ಸ್ ಸೆಂಟರ್‌ನ ಕ್ಯಾಥಿ ಮಾರ್ಟಿನ್ ಅವರ ತಂಡ. ಸ್ನಾಪ್‌ಡ್ರಾಗನ್ ಹೂಗಿಡದಿಂದ ಡಿಲೈಲಾ, ರೋಸಿಯಾ1 ಎಂಬ ಎರಡು ಜೀನ್‌ಗಳನ್ನು ತೆಗೆದು ಟೊಮೇಟೊಗೆ ಸೇರಿಸಿದರು. ಇವು ತಾವೇ ಬಣ್ಣ ಮಾಡುವುದಿಲ್ಲ, ಮಲಗಿದ್ದ ಜೀನ್‌ಗಳನ್ನು ಎಬ್ಬಿಸುವ ಸ್ವಿಚ್‌ಗಳು ಅಷ್ಟೆ. ಹಣ್ಣು ಮಾಗುವಾಗ ಮಾತ್ರ ಸ್ವಿಚ್ ಒತ್ತುವ ಡಿಎನ್‌ಎ ತುಣುಕನ್ನೂ ಜೊತೆಗಿಟ್ಟರು. ಹಾಗಾಗಿ ಕಾಯಿ ಹಸಿರಾಗಿಯೇ ಇದ್ದು, ಮಾಗುತ್ತಾ ನೇರಳೆಗೆ ತಿರುಗುತ್ತದೆ.

ಈ ಸಂಶೋಧನೆ 2008ರಲ್ಲಿ ಪ್ರಕಟವಾಯಿತು. ಕ್ಯಾನ್ಸರ್ ಬರುವ ತಳಿಯ ಇಲಿಗಳಿಗೆ ಈ ಹಣ್ಣಿನ ಪುಡಿ ತಿನ್ನಿಸಿದಾಗ ಅವುಗಳ ಸರಾಸರಿ ಆಯಸ್ಸು 142 ದಿನಗಳಿಂದ 182ಕ್ಕೆ ಏರಿತು. ಆದರೆ ಇಲಿಯ ಫಲಿತಾಂಶ ಮನುಷ್ಯರ ಔಷಧವಲ್ಲ. 2022ರಲ್ಲಿ ಅಮೆರಿಕದ ಕೃಷಿ ಇಲಾಖೆ ಹೇಳಿದ್ದೂ ಇಷ್ಟೇ: ಬೆಳೆಗಳಿಗೆ ಪೀಡೆಯಾಗುವ ಅಪಾಯ ಮಾಮೂಲಿ ಟೊಮೇಟೊಗಿಂತ ಇದರಿಂದ ಹೆಚ್ಚಿಲ್ಲ. ಅದು ಆರೋಗ್ಯದ ಸರ್ಟಿಫಿಕೇಟ್ ಅಲ್ಲ.

ಕಪ್ಪು-ನೇರಳೆ ಟೊಮೇಟೊಗಳೆಲ್ಲ ಕುಲಾಂತರಿಯೇನಲ್ಲ. ಒರೆಗಾನ್ ಸ್ಟೇಟ್ ಯೂನಿವರ್ಸಿಟಿಯ 'ಇಂಡಿಗೋ ರೋಸ್' ಕಾಡು ಟೊಮೇಟೊ ಸಂಬಂಧಿಗಳ ಜೊತೆ ಸಂಕರ ಮಾಡಿ ಪಡೆದ ತಳಿ. ಅದರಲ್ಲಿ ನೇರಳೆ ಬಣ್ಣ ಸಿಪ್ಪೆಗಷ್ಟೇ.

ಹಾಗಾದರೆ ಹಾಕೋಣವೆ? ಕುತೂಹಲಕ್ಕೆ, ಸಾರಿನ ಬಣ್ಣಕ್ಕೆ ಧಾರಾಳವಾಗಿ ಹಾಕಿ. ರೋಗ ವಾಸಿಯಾಗುತ್ತದೆಂದು ಮಾತ್ರ ಬೇಡ. ಊರಿನಲ್ಲಿರುವ ಅಮ್ಮನ ಕೈತೋಟಕ್ಕೆಂದು ಸೂಟ್‌ಕೇಸಿನಲ್ಲಿ ನಾಲ್ಕು ಬೀಜ ಒಯ್ಯುವ ಆಸೆಯೂ ಬೇಡ. ಭಾರತದ 1989ರ ನಿಯಮದಂತೆ ಅನುಮತಿಯಿಲ್ಲದೆ ಕುಲಾಂತರಿ ಬೀಜ ಒಳಗೆ ತರುವಂತಿಲ್ಲ. ಅಮ್ಮನಿಗೆ ಫೋಟೋ ಕಳಿಸಿದರೆ ಸಾಕು.