ಹೊರಗೆ ಹೋಗುವುದು ಸರಿ, ಎಲ್ಲಿಗೆ?

2016ರ ಜೂನ್ 23ರಂದು ಬ್ರಿಟನ್ನಿನ ಮತದಾರರಿಗೆ ಕೇಳಿದ್ದು ಒಂದೇ ಪ್ರಶ್ನೆ: ಐರೋಪ್ಯ ಒಕ್ಕೂಟದಲ್ಲಿ ಉಳಿಯೋಣವೇ, ಬಿಡೋಣವೇ? ಶೇ 51.9ರಷ್ಟು ಮಂದಿ ಬಿಡೋಣ ಎಂದರು, ಶೇ 48.1ರಷ್ಟು ಮಂದಿ ಉಳಿಯೋಣ ಎಂದರು. 1973ರಲ್ಲಿ ಬೆಸೆದ ನಂಟು 2020ರ ಜನವರಿ 31ರಂದು ಕಡಿಯಿತು. ಆ ತೀರ್ಮಾನ ಸರಿಯೋ ತಪ್ಪೋ ಎಂಬ ವಾದ ಇನ್ನೂ ನಿಂತಿಲ್ಲ. ಲಾಭ-ನಷ್ಟಗಳನ್ನು ಎರಡು ಪಟ್ಟಿ ಮಾಡಿ ಕೂಡಿ ಕಳೆದರೆ ಉತ್ತರ ಸಿಗುತ್ತದೆಂದು ಎರಡೂ ಕಡೆಯವರು ನಂಬಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಉಳಿದರೆ ಏನಿರುತ್ತದೆ ಎಂಬುದು ಎಲ್ಲರ ಕಣ್ಣೆದುರಿಗಿತ್ತು. ಬಿಟ್ಟು ಎಲ್ಲಿಗೆ ಹೋಗುತ್ತೇವೆ ಎಂಬುದು ಮತಪತ್ರದಲ್ಲಿ ಇರಲಿಲ್ಲ. ಒಕ್ಕೂಟ ಬಿಡುವುದಕ್ಕೆ ತೆರಬೇಕಾದ ಬೆಲೆಯಾದರೋ, ಬಿಟ್ಟ ಮೇಲೆ ಎಷ್ಟು ದೂರ ಹೋಗಿ ನಿಲ್ಲುತ್ತೇವೆ ಎಂಬುದರ ಮೇಲೆ ನಿಂತಿದೆ.

ಐರೋಪ್ಯ ಒಕ್ಕೂಟದ ಏಕ ಮಾರುಕಟ್ಟೆಯಲ್ಲಿ ಸರಕು, ಸೇವೆ, ಬಂಡವಾಳ ಮತ್ತು ಜನ ಗಡಿಯ ತಡೆಯಿಲ್ಲದೆ ಓಡಾಡಬಹುದು. ಇದರ ಹೊರಗಿದ್ದೂ ಇದರೊಂದಿಗೆ ನಂಟು ಇಟ್ಟುಕೊಳ್ಳಲು ಹಲವು ದಾರಿಗಳಿವೆ. ನಾರ್ವೆಯ ಜನ 1972 ಮತ್ತು 1994ರಲ್ಲಿ ಎರಡು ಬಾರಿ ಸದಸ್ಯತ್ವ ಬೇಡವೆಂದರು. ಆದರೂ ನಾರ್ವೆ ಏಕ ಮಾರುಕಟ್ಟೆಯೊಳಗಿದೆ. ಅದಕ್ಕಾಗಿ ಅದು ಹಣ ಕೊಡುತ್ತದೆ, ಒಕ್ಕೂಟದ ಜನ ಬಂದು ದುಡಿಯಲು ಬಿಡುತ್ತದೆ, ಮಾರುಕಟ್ಟೆಯ ನಿಯಮಗಳನ್ನು ಪಾಲಿಸುತ್ತದೆ. ಆ ನಿಯಮ ಮಾಡುವಾಗ ಮಾತ್ರ ಅದಕ್ಕೆ ಮತವಿಲ್ಲ. ಟರ್ಕಿಗೆ ಕೈಗಾರಿಕಾ ಸರಕುಗಳ ಮಟ್ಟಿಗೆ ಸುಂಕದ ಒಕ್ಕೂಟವಿದೆ. ಕೆನಡಾಕ್ಕೆ ಇರುವುದು ವ್ಯಾಪಾರ ಒಪ್ಪಂದವಷ್ಟೆ. ಹತ್ತಿರ ನಿಂತಷ್ಟೂ ವ್ಯಾಪಾರ ಸಲೀಸು, ಸ್ವಂತ ತೀರ್ಮಾನಕ್ಕೆ ಜಾಗ ಕಡಿಮೆ. ದೂರ ಸರಿದಷ್ಟೂ ಇದು ತಿರುವುಮುರುವು. ಬ್ರಿಟನ್ ಕೊನೆಗೆ ಆರಿಸಿಕೊಂಡದ್ದು ಹೆಚ್ಚುಕಡಿಮೆ ಕೆನಡಾದಷ್ಟೇ ದೂರವನ್ನು.

ಹೊರಹೋಗಬೇಕೆಂದವರ ವಾದ ಹುರುಳಿಲ್ಲದ್ದಲ್ಲ. ಒಕ್ಕೂಟದಲ್ಲಿರುವವರೆಗೆ ಅದರ ಕಾನೂನಿಗೂ ತಮ್ಮ ಸಂಸತ್ತಿನ ಕಾನೂನಿಗೂ ಘರ್ಷಣೆಯಾದರೆ ಒಕ್ಕೂಟದ್ದೇ ಮೇಲು. ನಾವು ಆರಿಸದವರು ಮಾಡಿದ ನಿಯಮವನ್ನು ನಾವೇಕೆ ಪಾಲಿಸಬೇಕು ಎಂಬುದು ಪ್ರಜಾಪ್ರಭುತ್ವದ ಮೂಲಕ್ಕೇ ಸೇರಿದ ಪ್ರಶ್ನೆ. ಬೇರೆ ದೇಶಗಳೊಡನೆ ತಾವೇ ಒಪ್ಪಂದ ಮಾಡಿಕೊಳ್ಳುವ ಸ್ವಾತಂತ್ರ್ಯವೂ ಬ್ರಿಟನ್ನಿಗೆ ಮರಳಿತು. 2025ರ ಜುಲೈನಲ್ಲಿ ಭಾರತದೊಂದಿಗೆ ಸಹಿಯಾದ ವ್ಯಾಪಾರ ಒಪ್ಪಂದ ಅದರ ಫಲ. ಅದೇ ವರ್ಷ ಅಮೆರಿಕ ಆಮದು ಸುಂಕ ಏರಿಸಿದಾಗ ಒಕ್ಕೂಟದ ಬಹುಪಾಲು ಸರಕುಗಳಿಗೆ ಶೇ 15 ಬಿದ್ದರೆ ಬ್ರಿಟನ್ನಿನವಕ್ಕೆ ಬಿದ್ದದ್ದು ಶೇ 10.

ಇವುಗಳ ಎದುರು ಇಡಬೇಕಾದ ಲೆಕ್ಕ ದೊಡ್ಡದು. ಬ್ರಿಟನ್ನಿನ ಬಜೆಟ್ ಹೊಣೆಗಾರಿಕೆ ಕಚೇರಿಯ ಅಂದಾಜಿನಂತೆ, ಒಕ್ಕೂಟದಲ್ಲೇ ಉಳಿದಿದ್ದರೆ ಇರುತ್ತಿದ್ದುದಕ್ಕಿಂತ ದೇಶದ ಉತ್ಪಾದಕತೆ ದೀರ್ಘಕಾಲದಲ್ಲಿ ಶೇ 4ರಷ್ಟು, ಆಮದು-ರಫ್ತು ಶೇ 15ರಷ್ಟು ಕಡಿಮೆಯಾಗುತ್ತವೆ. ಭಾರತದೊಂದಿಗಿನ ಒಪ್ಪಂದದಿಂದ ಆಗುವ ಲಾಭವನ್ನು ಬ್ರಿಟನ್ ಸರ್ಕಾರವೇ ದೇಶದ ಒಟ್ಟು ಉತ್ಪನ್ನದ ಶೇ 0.13ರಷ್ಟು ಎಂದು ಅಂದಾಜಿಸಿದೆ. ದೂರದ ದೇಶಗಳೊಡನೆ ಇಂಥ ಎಷ್ಟೋ ಒಪ್ಪಂದ ಸೇರಿದರೂ ಪಕ್ಕದ ಮಾರುಕಟ್ಟೆಯಲ್ಲಿ ಕಳೆದುಕೊಂಡದ್ದು ತುಂಬಿ ಬರುವುದು ಕಷ್ಟ. ಕೋವಿಡ್ಡೂ ಉಕ್ರೇನ್ ಯುದ್ಧವೂ ಮಾಡಿದ ಹಾನಿಯನ್ನು ಒಕ್ಕೂಟ ಬಿಟ್ಟದ್ದರ ತಲೆಗೆ ಕಟ್ಟುತ್ತಿದ್ದೀರಿ ಎಂಬ ಆಕ್ಷೇಪವಿದೆ. ನಷ್ಟ ಎಷ್ಟೆಂಬುದರ ಬಗ್ಗೆ ಚರ್ಚೆ ಇರಲಿ. ಆದರೆ ಮೊದಲು ಸಲೀಸಾಗಿ ಸಾಗುತ್ತಿದ್ದ ಮಾಂಸ, ಮೀನು, ಗಿಣ್ಣಿಗೆ ಈಗ ಸುಂಕದ ಕಾಗದಪತ್ರ ಬೇಕು, ಆರೋಗ್ಯ ಪ್ರಮಾಣಪತ್ರ ಬೇಕು. ದೊಡ್ಡ ಕಂಪನಿ ಇದಕ್ಕೆಂದೇ ಜನರನ್ನು ನೇಮಿಸಿಕೊಳ್ಳುತ್ತದೆ; ಸಣ್ಣ ವ್ಯಾಪಾರಿಗೆ ಈ ಖರ್ಚು ಗಿಟ್ಟುವುದಿಲ್ಲ. ಇದಕ್ಕೂ ಯುದ್ಧಕ್ಕೂ ಸಂಬಂಧವಿಲ್ಲ.

ಸ್ವಾತಂತ್ರ್ಯವನ್ನು ದುಡ್ಡಿನಿಂದ ಅಳೆಯಬಾರದು ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ನಿಜವೇ. ಆದರೆ ಆ ಸ್ವಾತಂತ್ರ್ಯವೂ ನೆನೆದಷ್ಟು ಪೂರ್ತಿಯಾಗಿ ಕೈಗೆ ಬರುವುದಿಲ್ಲ. ಪಾಲಾಗಿ ಬೇರೆ ಮನೆ ಹೂಡಿದ ಅಣ್ಣತಮ್ಮಂದಿರು ಬಾವಿಯನ್ನೂ ಹೊಲದ ದಾರಿಯನ್ನೂ ಹಂಚಿಕೊಳ್ಳಲೇಬೇಕು. ಉತ್ತರ ಐರ್ಲೆಂಡಿನಲ್ಲಿ ಆದದ್ದು ಅದೇ. 1998ರ ಶಾಂತಿ ಒಪ್ಪಂದದ ನಂತರದ ನೆಮ್ಮದಿ ಉಳಿಯಬೇಕಾದರೆ ಐರ್ಲೆಂಡ್ ದ್ವೀಪದ ನಡುವೆ ತಪಾಸಣೆಯ ಗಡಿ ಏಳುವಂತಿರಲಿಲ್ಲ. ಹಾಗಾಗಿ ತಪಾಸಣೆ ಸಮುದ್ರಕ್ಕೆ ಸರಿದು, ಬ್ರಿಟನ್ನಿನ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಹೋಗುವ ಸರಕಿಗೇ ನಿಯಮ ಬಂತು. ವಲಸೆಯ ಕಥೆಯೂ ಯೋಚಿಸುವಂಥದ್ದು. ಒಕ್ಕೂಟದ ಜನರ ಮುಕ್ತ ಪ್ರವೇಶ ನಿಂತಿತು. ಆದರೂ 2023ರ ಜೂನ್‌ಗೆ ಮುಗಿದ ವರ್ಷದಲ್ಲಿ ನಿವ್ವಳ ವಲಸೆ 9 ಲಕ್ಷ ದಾಟಿತು. ಬಂದವರಲ್ಲಿ ಭಾರತದ ವಿದ್ಯಾರ್ಥಿಗಳೂ ಆರೋಗ್ಯ ಸೇವೆಯ ನೌಕರರೂ ಬಹಳ. ಅವರಿಗೆ ವೀಸಾ ಕೊಟ್ಟದ್ದು ಬ್ರಿಟನ್ ಸರ್ಕಾರವೇ. ಅಧಿಕಾರ ಕೈಗೆ ಬಂದ ಮಾತ್ರಕ್ಕೆ ಆಸ್ಪತ್ರೆಗೆ ಬೇಕಾದ ದಾದಿಯರ ಅಗತ್ಯ ತೀರುವುದಿಲ್ಲ. ಯಾರನ್ನು ಹೊಣೆ ಮಾಡಬೇಕೆಂಬುದು ಮತದಾರನಿಗೆ ಈಗ ಸ್ಪಷ್ಟವಾಗಿದೆ ಎಂಬ ಲಾಭವನ್ನು ಮಾತ್ರ ಅಲ್ಲಗಳೆಯಲಾಗದು.

ಆದ್ದರಿಂದ ಇಂಥ ತೀರ್ಮಾನವನ್ನು ಎರಡು ಹಂತದಲ್ಲಿ ತೆಗೆದುಕೊಳ್ಳುವುದೇ ನ್ಯಾಯ: ಮೊದಲು ಮಾತುಕತೆಗೆ ಜನರ ಅನುಮತಿ, ಒಪ್ಪಂದದ ಕರಡು ಕೈಗೆ ಬಂದ ಮೇಲೆ ಅದಕ್ಕೆ ಜನರ ಒಪ್ಪಿಗೆ. ಬ್ರಿಟನ್ನಿನಲ್ಲಿ ಹಾಗಾಗಲಿಲ್ಲ. ಬಿಡೋಣ ಎಂದವರೊಳಗೇ ಎಲ್ಲಿ ನಿಲ್ಲಬೇಕೆಂಬ ಒಮ್ಮತವಿರಲಿಲ್ಲ. 2019ರ ಜನವರಿಯಲ್ಲಿ ಪ್ರಧಾನಿ ತೆರೆಸಾ ಮೇ ತಂದ ಒಪ್ಪಂದ ಸಂಸತ್ತಿನಲ್ಲಿ 432-202 ಮತಗಳಿಂದ ಬಿದ್ದುಹೋಯಿತು. ಎರಡನೇ ಸಲ ಕೇಳುವುದು ಮೊದಲ ತೀರ್ಪಿಗೆ ಮಾಡುವ ಅವಮಾನ ಎಂದು ಆಗ ಹಲವರು ಹೇಳಿದರು. ಮೊದಲ ಬಾರಿ ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳಿದ್ದರೆ ಆ ಮಾತು ಸಲ್ಲುತ್ತಿತ್ತು. ಇದು ಮೊದಲ ಬಾರಿ ಕೇಳದೇ ಉಳಿದ ಪ್ರಶ್ನೆ. ಹೊರಹೋಗುವ ಹಕ್ಕು ಪ್ರತಿ ದೇಶಕ್ಕೂ ಇದೆ. ಎಲ್ಲಿಗೆ ಹೋಗುತ್ತಿದ್ದೇವೆ, ಅದಕ್ಕೆ ಏನು ತೆರುತ್ತೇವೆ ಎಂದು ಮೊದಲೇ ತಿಳಿಯುವ ಹಕ್ಕು ಆ ದೇಶದ ಪ್ರತಿ ಪ್ರಜೆಗೂ ಇದೆ.